ಕಣ್ಣೊಳಗಿನ ಚುಕ್ಕೆ

ಗ್ರಾಮದೇವತೆ ದ್ಯಾಮವ್ವನ ಮೂರ್ತಿಗೆ ಹೊಸ ಬಣ್ಣ ಕೊಡುವಾಗ ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಕಣ್ಣಿಗೆ ದೃಷ್ಟಿ ಇಡುವುದು ಕಡೆಯ ಕೆಲಸ. ಮೈಗೆಲ್ಲ ಬಣ್ಣ ಏರಿದ್ದರೂ ಅಲ್ಲಿಯವರೆಗೆ ಅದು ಬರಿಯ ಕಟ್ಟಿಗೆ. ಶಾಸ್ತ್ರಕಾರರು ಇದನ್ನೇ ನೇತ್ರೋನ್ಮೀಲನವೆಂದರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ 36 ಬಗೆಯ ದೃಷ್ಟಿಗಳನ್ನು ಎಣಿಸಿದ್ದಾನೆ. ಆದರೆ ಆ ಎಲ್ಲವನ್ನೂ ಬಲ್ಲ ನಟನ ಕಣ್ಣು ಸಹ ಕಪ್ಪು-ಬಿಳುಪಿನ ಚಿತ್ರಪಟದಲ್ಲಿ ನಿರ್ಜೀವವಾಗಿ ಕಾಣಬಹುದು. ಸಾಸಿವೆಯಷ್ಟು ಬೆಳಕು ತಪ್ಪಿದರೆ ಸಾಕು.

ಈ ಮಾತು ನನಗೆ ಹೊಳೆದದ್ದು ನಮ್ಮ ಅಜ್ಜಿಯ ಫೋಟೊದಿಂದ. ಇದ್ದದ್ದು ಅದೊಂದೇ. ನಡುಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಿ ತೆಗೆದದ್ದು. ತಲೆಯ ಮೇಲೆ ಸೆರಗು, ನೆತ್ತಿಯ ಮೇಲೆ ಸೂರ್ಯ. ಕಣ್ಣಿರಬೇಕಾದಲ್ಲಿ ಎರಡು ಹಾಳುಬಾವಿ. ಅಜ್ಜಿ ತೀರಿಕೊಂಡ ಮೇಲೆ ದೊಡ್ಡದು ಮಾಡಿಸಲು ಕೊಟ್ಟಾಗ ಆ ಸ್ಟುಡಿಯೋದವರು ಕುಂಚದಿಂದ ಕಣ್ಣಿಗೊಂದೊಂದು ಬಿಳಿಯ ಚುಕ್ಕೆ ಇಟ್ಟರು. ಒಂದು ಎಡಕ್ಕೆ, ಒಂದು ಬಲಕ್ಕೆ! “ಇವರು ನಮ್ಮ ಅತ್ತಿ ಅಲ್ಲರೀ” ಎಂದು ತಾಯಿ ಮುಖ ತಿರುಗಿಸಿದಳು.

ತಪ್ಪೆಲ್ಲಿ? ಕಣ್ಣಿನ ಮುಂಭಾಗವು ಒದ್ದೆಯಾದ ಉಬ್ಬುಗನ್ನಡಿಯಿದ್ದಂತೆ. ಎದುರಿನ ದೀಪ ಅದರಲ್ಲಿ ಚುಕ್ಕೆಯಾಗಿ ಮೂಡುತ್ತದೆ. ದೀಪ ಒಂದೇ ಆದರೆ ಎರಡು ಕಣ್ಣಿನಲ್ಲಿಯೂ ಚುಕ್ಕೆ ಒಂದೇ ದಿಕ್ಕಿಗಿರಬೇಕು. ಬಣ್ಣದ ನೆರವಿಲ್ಲದ ಚಿತ್ರದಲ್ಲಿ ಕಣ್ಣಿನ ಕಪ್ಪನ್ನು ನೆರಳಿನ ಕಪ್ಪಿನಿಂದ ಬೇರ್ಪಡಿಸಲು ಅದೇ ಆಸರೆ. ಆದುದರಿಂದ ಛಾಯಾಗ್ರಾಹಕರು ಕ್ಯಾಮರಾದ ಮಗ್ಗುಲಲ್ಲಿ ಒಂದು ಸಣ್ಣ ದೀಪವಿಡುತ್ತಿದ್ದರು. ಮುಖದ ನೆರಳು-ಬೆಳಕು ಕೆಡದಷ್ಟು ಮಂದ, ಕಣ್ಣು ಮಿನುಗುವಷ್ಟು ಪ್ರಕಾಶ.

1931ರ ‘ಡ್ರಾಕುಲಾ’ದಲ್ಲಿ ಬೇಲಾ ಲುಗೋಸಿಯ ಕಣ್ಣಿಗಷ್ಟೇ ಬೆಳಕಿನ ಎಳೆ ಹಾಯಿಸಿ ಕಾರ್ಲ್ ಫ್ರಾಯಿಂಡ್ ಜನರನ್ನು ಹೆದರಿಸಿದನು. ಮುಂಬಯಿಯಲ್ಲಿ ಹುಟ್ಟಿದ ನಟಿ ಮರ್ಲ್ ಒಬೆರಾನ್‌ಳ ಕಥೆ ಬೇರೆ. ಮೋಟಾರು ಅಪಘಾತದಿಂದ ಮುಖದಲ್ಲಿ ಕಲೆ ಉಳಿದಿತ್ತು. 1944ರ ‘ದಿ ಲಾಡ್ಜರ್’ ಚಿತ್ರದಲ್ಲಿ ಅದು ಕಾಣದಿರಲೆಂದು ಲ್ಯೂಸಿಯನ್ ಬಲ್ಲಾರ್ಡ್ ಕ್ಯಾಮರಾಕ್ಕೇ ದೀಪ ಜೋಡಿಸಿದನು. ಆಕೆಯ ಹೆಸರಿನಿಂದ ಅದು ‘ಓಬಿ’ ಎನಿಸಿತು. ಕಲೆ ಮುಚ್ಚಲು ಬಂದ ದೀಪ ಮುಂದೆ ಎಷ್ಟೋ ಕಣ್ಣುಗಳನ್ನು ಬೆಳಗಿತು.

ಇನ್ನು ನಮ್ಮವರ ಮಾತು. ವಿ. ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಪಿಟೀಲನ್ನೂ ಬಲ್ಲವರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ತರ ಕೂಡ ಮುಂಬಯಿಯಲ್ಲಿ 1952ರ ‘ಜಾಲ್’ನಿಂದ ಮುಖ್ಯ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೇ ಫೂಲ್’ನಲ್ಲಿ ಗೀತಾ ದತ್ತರು ಹಾಡಿದ ಹಾಡನ್ನು ರೇಡಿಯೋದಲ್ಲಿ ಕೇಳದವರಾರು? ಕಿವಿಗೆ ಸಿಗದ್ದು ಆ ದೃಶ್ಯದ ಬೆಳಕಿನ ಕಂಬ: ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ಹಾಯಿಸಿದ್ದರು ಮೂರ್ತಿಯವರು. ಜನ ಅದನ್ನೇ ಹೊಗಳುತ್ತಾರೆ. ನನಗಾದರೋ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಹೆಚ್ಚು. ಹಳ್ಳಿಯ ಭೂತನಾಥ ತಲೆ ತಗ್ಗಿಸಿ ಒಳಬರುತ್ತಾನೆ. ಛೋಟಿ ಬಹೂಳ ಪಾದಗಳಷ್ಟೇ ಅವನಿಗೆ ಕಾಣುತ್ತವೆ. ಕತ್ತೆತ್ತಿದೊಡನೆ ಕ್ಯಾಮರಾ ಮೀನಾಕುಮಾರಿಯ ಮುಖದತ್ತ ಸರಿಯುತ್ತದೆ. ಆಕೆಯ ಕಣ್ಣು ಅವನನ್ನು ಹಿಡಿದುಬಿಡುತ್ತದೆ.

ಬೆಳಕು ಕೊಡಬಲ್ಲವನಿಗೆ ಕೊಡದಿರುವುದೂ ಗೊತ್ತಿರಬೇಕು. 1957ರ ‘ಪ್ಯಾಸಾ’ದಲ್ಲಿ, ಸತ್ತನೆಂದು ಜಗತ್ತು ನಂಬಿದ ಕವಿ ತನ್ನದೇ ಶ್ರದ್ಧಾಂಜಲಿ ಸಭೆಯ ಬಾಗಿಲಿಗೆ ಬಂದು ಕೈಚಾಚಿ ನಿಲ್ಲುತ್ತಾನೆ. ಬೆಳಕೆಲ್ಲ ಬೆನ್ನ ಹಿಂದೆ. ಮುಖ ಕಪ್ಪು, ಕಣ್ಣಿಲ್ಲ. ಚುಕ್ಕೆಯೊಂದು ಮಿನುಗಿದ್ದರೂ ಅವನು ನಮ್ಮ ನಿಮ್ಮಂಥ ಒಬ್ಬ ಮನುಷ್ಯನಾಗುತ್ತಿದ್ದ. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅಜ್ಜಿಯ ಆ ದೊಡ್ಡ ಪ್ರತಿಯನ್ನು ತಂದೆಯವರು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಕಣ್ಣು ಕಾಣದ ಮೂಲ ಫೋಟೊಕ್ಕೇ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಈಗಲೂ ಅಲ್ಲೇ ಇದೆ.