ದುಡಿಯುವ ಸ್ನಾಯುವಿನಲ್ಲಿ ರಕ್ತದ ಹಂಚಿಕೆ

ನೀವು ಸುಮ್ಮನೆ ಕುಳಿತಿರುವಾಗ ನಿಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಮಾತ್ರ ಸ್ನಾಯುಗಳಿಗೆ ಸಲ್ಲುತ್ತದೆ. ಜೋರಾಗಿ ಓಡಿದರೆ ಈ ಪ್ರಮಾಣ 20 ಲೀಟರ್ ದಾಟಬಹುದು. ಆಗ ಐದರಲ್ಲಿ ನಾಲ್ಕು ಪಾಲು ಸ್ನಾಯುಗಳದ್ದೇ. ಇಷ್ಟನ್ನು ವಿಜ್ಞಾನ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಆದರೆ ಸ್ನಾಯುವಿನೊಳಗೆ ಹೋದ ರಕ್ತ ಅಲ್ಲಿನ ಎಲ್ಲ ಎಳೆಗಳಿಗೂ ಸಮನಾಗಿ ಸಿಗುತ್ತದೆಯೇ?

ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದವರು ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗ್ (1874–1949). ಜೀವಂತ ಗಿನಿ ಇಲಿ, ಕಪ್ಪೆಗಳ ರಕ್ತಕ್ಕೆ ಕಪ್ಪು ಶಾಯಿ ಸೇರಿಸಿ, ನಂತರ ಸ್ನಾಯುವನ್ನು ತೆಳ್ಳಗೆ ಕತ್ತರಿಸಿ, ಶಾಯಿ ತುಂಬಿದ ಲೋಮನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಎಂಥ ತಾಳ್ಮೆಯ ಕೆಲಸ! ಗಿನಿ ಇಲಿಯ ವಿಶ್ರಾಂತ ಸ್ನಾಯುವಿನಲ್ಲಿ ಚದರ ಮಿಲಿಮೀಟರಿಗೆ 300ಕ್ಕಿಂತ ಕಡಿಮೆ ಲೋಮನಾಳಗಳು ತೆರೆದಿದ್ದರೆ, ದುಡಿದ ಸ್ನಾಯುವಿನಲ್ಲಿ ಸಾವಿರಕ್ಕೂ ಹೆಚ್ಚು ತೆರೆದಿದ್ದವು. ಲೋಮನಾಳದಿಂದ ಆಮ್ಲಜನಕ ಎಷ್ಟು ದೂರ ಹರಡಬಲ್ಲದು ಎಂಬ ಗಣಿತಕ್ಕೆ ನೆರವಾದವರು ಎರ್ಲಾಂಗ್. ದೂರವಾಣಿ ಕರೆಗಳ ದಟ್ಟಣೆಯ ಲೆಕ್ಕಕ್ಕೆ ಹೆಸರಾದ ಅದೇ ಎರ್ಲಾಂಗ್.

1920ರಲ್ಲಿ ಕ್ರೋಗ್‌ಗೆ ನೊಬೆಲ್ ಪುರಸ್ಕಾರ ಬಂತು. 1922ರಲ್ಲಿ ಉಪನ್ಯಾಸಕ್ಕೆಂದು ಅಮೆರಿಕಕ್ಕೆ ಹೋದವರು ಟೊರಾಂಟೋಗೂ ಹೋಗಿ, ಇನ್ಸುಲಿನ್ ತಯಾರಿಸುವ ಅನುಮತಿ ಪಡೆದು ಡೆನ್ಮಾರ್ಕಿಗೆ ಮರಳಿದರು. ಅವರ ಪತ್ನಿ, ಸ್ವತಃ ವೈದ್ಯೆಯಾಗಿದ್ದ ಮೇರಿ ಕ್ರೋಗ್, ಮಧುಮೇಹಿಯಾಗಿದ್ದರು.

ಆದರೆ ನೊಬೆಲ್ ಬಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ವಿಶ್ರಾಂತಿಯಲ್ಲಿ ಬಹುಪಾಲು ಲೋಮನಾಳಗಳು ಮುಚ್ಚಿರುತ್ತವೆ ಎಂದು ಕ್ರೋಗ್ ನಂಬಿದ್ದರು. ನಂತರದ ದಶಕಗಳಲ್ಲಿ ಜೀವಂತ ಸ್ನಾಯುವನ್ನೇ ಸೂಕ್ಷ್ಮದರ್ಶಕದಡಿ ನೋಡಿದವರಿಗೆ ಬೇರೆಯದೇ ಚಿತ್ರ ಕಂಡಿತು: ವಿಶ್ರಾಂತಿಯಲ್ಲೂ ಹೆಚ್ಚಿನವುಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ಆದರೆ ಒಂದರಲ್ಲಿ ನಿಧಾನ, ಪಕ್ಕದ್ದರಲ್ಲಿ ಬೇಗ. ಹರಿವನ್ನು ಮುಖ್ಯವಾಗಿ ಹತೋಟಿಯಲ್ಲಿಡುವುದು ಲೋಮನಾಳಗಳಲ್ಲ, ಅವುಗಳಿಗೆ ರಕ್ತ ತಲುಪಿಸುವ ಕಿರು ಅಪಧಮನಿಗಳು.

ಈ ಅಸಮಾನತೆಗೆ ಸ್ನಾಯುವಿನ ರಚನೆಯೂ ಒಂದು ಕಾರಣ. ಒಂದು ನರಕೋಶದ ಆಜ್ಞೆಗೆ ಒಟ್ಟಿಗೆ ಸಂಕುಚಿಸುವ ಎಳೆಗಳು ಒಂದೇ ಕಡೆ ಇರುವುದಿಲ್ಲ, ಬೇರೆ ಎಳೆಗಳ ನಡುವೆ ಚದುರಿಕೊಂಡಿರುತ್ತವೆ. ಕಿರು ಅಪಧಮನಿಯೋ ಒಂದು ಇಡೀ ಗುಂಪು ಲೋಮನಾಳಗಳಿಗೆ ರಕ್ತ ಕೊಡುತ್ತದೆ. ಹಾಗಾಗಿ ದುಡಿಯುವ ಎಳೆಗೆಂದು ಬಂದ ರಕ್ತದಲ್ಲಿ ಸುಮ್ಮನಿರುವ ನೆರೆಯ ಎಳೆಗೂ ಪಾಲು ಸಿಕ್ಕಿಬಿಡುತ್ತದೆ.

ಫಿನ್‌ಲೆಂಡಿನ ತುರ್ಕು ನಗರದ ಸಂಶೋಧಕರು ಮನುಷ್ಯರ ತೊಡೆಯಲ್ಲೇ ಇದನ್ನು ಪರೀಕ್ಷಿಸಿದರು. ವಿಕಿರಣಶೀಲ ಆಮ್ಲಜನಕವಿರುವ ನೀರನ್ನು ರಕ್ತಕ್ಕೆ ಸೇರಿಸಿ, ಪೆಟ್ ಸ್ಕ್ಯಾನ್ ಮೂಲಕ ಹರಿವನ್ನು ಅಳೆದರು. ವ್ಯಾಯಾಮ ಮಾಡುತ್ತಿದ್ದಾಗಲೂ ಒಂದೇ ಸ್ನಾಯುವಿನ ಭಾಗಗಳ ನಡುವೆ ವ್ಯತ್ಯಾಸ ಕಂಡಿತು. ದೀರ್ಘಕಾಲ ತರಬೇತಿ ಪಡೆದ ಕ್ರೀಡಾಪಟುಗಳಲ್ಲಿ ಆ ವ್ಯತ್ಯಾಸ ಕಡಿಮೆಯಿತ್ತು.