ಕಾರಿನ ಶಾರ್ಟ್ ಪತ್ತೆ

ಕರೆಂಟು ದೀಪ, ಹಾರ್ನ್ ಮುಂತಾದವನ್ನು ತಲುಪುವ ಮೊದಲೇ ಕಾರಿನ ಬಾಡಿಗೆ ಹರಿಯುವ ಜಾಗವನ್ನು (ಶಾರ್ಟ್) ಹಳೆಯ ವೈರಿಂಗ್‌ನಲ್ಲಿ ಹುಡುಕುವ ಆಟೊ ಎಲೆಕ್ಟ್ರಿಷಿಯನ್ ಕೆಲಸ. ಅಂಬಾಸಡರ್ (ತಯಾರಿಕೆ 2014ರವರೆಗೆ), ಪ್ರೀಮಿಯರ್ ಪದ್ಮಿನಿಯಂಥ 12 ವೋಲ್ಟಿನ ಕಾರುಗಳಲ್ಲಿ ಲೋಹದ ಬಾಡಿಯೇ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಸುಲಿದ ತಂತಿಯೊಂದು ತಗಡಿಗೆ ತಾಗಿದರೆ ಫ್ಯೂಸ್ ಹಾರುತ್ತದೆ. ತಗಡಿನ ತೂತಿನ ರಬ್ಬರ್ ಬುಷ್ ಒಣಗಿ ಉದುರುವುದು, ಡಿಕ್ಕಿಯ ಕೀಲಿನ ಬಳಿ ತಂತಿ ಮಡಚಿ ಮಡಚಿ ಹೊದಿಕೆ ಬಿರಿಯುವುದು, ಇಲಿ ಕಡಿತ ಸಾಮಾನ್ಯ ಕಾರಣಗಳು.

ಹಾರಿದ ಫ್ಯೂಸ್ ತೆಗೆದು ಆ ಜಾಗದಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಜೋಡಿಸುವುದು ಅತ್ಯಂತ ಭರವಸೆಯ ವಿಧಾನ. ಶಾರ್ಟ್ ಇರುವವರೆಗೆ ಬಲ್ಬ್ ಪೂರ್ತಿ ಬೆಳಗುತ್ತದೆ. ಕರೆಂಟು 2 ಆಂಪಿಯರಿನೊಳಗೆ ಉಳಿಯುವುದರಿಂದ ತಂತಿ ಸುಡುವುದಿಲ್ಲ. ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ, ತಂತಿಗಳ ಕಟ್ಟನ್ನು ಅಲ್ಲಲ್ಲಿ ಅಲುಗಿಸುತ್ತ ಹೋದಾಗ ಬಲ್ಬ್ ಯಾವ ಕವಲಿನಲ್ಲಿ ಆರುತ್ತದೆಯೋ ಅಥವಾ ಮಂಕಾಗುತ್ತದೆಯೋ ದೋಷ ಅಲ್ಲಿದೆ. ಕಂಪ್ಯೂಟರ್ ಸ್ಕ್ಯಾನರ್ ಬೇಡದ ಕಾರಣ, ರಸ್ತೆಬದಿಯಲ್ಲೇ ಇದನ್ನು ಮಾಡಬಹುದು. ಫ್ಯೂಸ್ ಬದಲು ತಾಮ್ರದ ಎಳೆ ಸುತ್ತುವುದು ಅಪಾಯಕರ: ತಂತಿಯೇ ಕಾದು ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ ಹತ್ತಬಹುದು. ದೋಷ ಸಿಕ್ಕ ಜಾಗದಲ್ಲಿ ಅದೇ ದಪ್ಪದ ತಂತಿ ಬೆಸೆದು, ತೂತಿಗೆ ಹೊಸ ಬುಷ್ ಹಾಕಲಾಗುತ್ತದೆ.