ಎದೆಯ ಗಂಟು: ಬೀದರದ ಹಾದಿಯಿಂದ ಒಂದು ಹಿನ್ನೋಟ

1811ರ ಸೆಪ್ಟೆಂಬರ್ 30ರಂದು ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಬಲಸ್ತನವನ್ನು ಶಸ್ತ್ರವೈದ್ಯರಿಗೊಪ್ಪಿಸಿದಳು. ಅರಿವಳಿಕೆಯೆಂಬುದನ್ನು ಯುರೋಪು ಆಗಿನ್ನೂ ಕಂಡಿರಲಿಲ್ಲ. ಗಂಡನಿಗೆ ಸುಳಿವು ಕೊಡದೆ ಹೊರಗಿರಿಸಿದ್ದಳು. ಮುಖಕ್ಕೆ ಹೊದಿಸಿದ ತೆಳುವಸ್ತ್ರದೊಳಗಿಂದ ಕತ್ತಿಯ ಹೊಳಪು ಕಂಡಿತಂತೆ. ಇಪ್ಪತ್ತು ನಿಮಿಷಗಳ ಆ ಯಾತನೆಯನ್ನು ಅಕ್ಕನಿಗೆ ಬರೆದು ಮುಗಿಸಲು ತಿಂಗಳುಗಳೇ ಹಿಡಿದವು. ಅವಳು ಮುಂದೆ 28 ವರ್ಷ ಬದುಕಿದಳು. ಜಪಾನಿನ ಹನಓಕಾ ಸೇಶು 1804ರಲ್ಲಿಯೇ ಮೂಲಿಕೆಗಳ ಮದ್ದು ಕುಡಿಸಿ, ಮೈಮರೆಸಿ, ಇದೇ ಶಸ್ತ್ರಕ್ರಿಯೆ ನಡೆಸಿದ್ದ. ಆ ಸುದ್ದಿ ಪ್ಯಾರಿಸ್ಸಿಗೆ ತಲುಪಿರಲಿಲ್ಲ.

ನೋವನ್ನು ಗೆದ್ದ ಚರಿತ್ರೆಯಲ್ಲಿ ನಮ್ಮ ಸೀಮೆಯ ರಾಜಧಾನಿಗೂ ಒಂದು ಪಾಲುಂಟು. ಬೀದರ, ಭಾಲ್ಕಿ, ಔರಾದಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲವದು. ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತವೆಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿಯ ಮುಂದಾಳುತನದಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕುಳಿತವು. ಉಸಿರಾಟವನ್ನು ಕಾಯ್ದರೆ ಸಾಕು, ಹೃದಯಕ್ಕೆ ಭಯವಿಲ್ಲವೆಂಬ ಅವುಗಳ ತೀರ್ಪು ಮುಂದೆ ನಿಲ್ಲಲಿಲ್ಲ. ಆದರೂ ಅಲ್ಲಿಯ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅರಿವಳಿಕೆ ನೀಡುವ ವೈದ್ಯೆಯಾಗಿ ಹೆಸರಾದರು.

ನೋವು ಹೋದೊಡನೆ ಕತ್ತಿ ಧಾರಾಳವಾಯಿತು. ಅಮೆರಿಕದ ಹಾಲ್‌ಸ್ಟೆಡ್ ಸ್ತನದೊಡನೆ ಎದೆಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯತೊಡಗಿದ. ಉಳಿದವರಲ್ಲಿ ಎಷ್ಟೋ ಮಂದಿಗೆ ತೋಳು ಬಾತು, ಕೊಡವೆತ್ತುವುದೂ ಕಷ್ಟವಾಯಿತು. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ, ತಕ್ಕ ರೋಗಿಗಳಲ್ಲಿ ಆಯುಸ್ಸು ಕಡಿಮೆಯಾಗದೆಂದು ಬರ್ನಾರ್ಡ್ ಫಿಶರ್ 1985ರಲ್ಲಿ ತೋರಿಸಿದ.

ಆದರೆ ವಿಕಿರಣವೆಂದರೆ ವಾರಕ್ಕೆ ಐದು ದಿನದಂತೆ ಹಲವು ವಾರಗಳ ನಿತ್ಯಸೇವೆ. ಇಲ್ಲಿ ಭೂಗೋಳ ಅಡ್ಡ ಬರುತ್ತದೆ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ರೋಗಿಯ ಹಾದಿ ಮಾತ್ರ ಹಳೆಯದೇ ಉಳಿಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು, ಬೀದರಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದು 140ರಷ್ಟು, ಅಲ್ಲಿಯ ಮೆಹದಿ ನವಾಜ್ ಜಂಗ್ ಆಸ್ಪತ್ರೆ 1955ರಿಂದಲೂ ಇದೆ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಬಂದದ್ದು ಅನಂತರ. ಬೀದರದಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 2007ರಲ್ಲಿ. ಭಾಲ್ಕಿಗೆ ರೈಲಾದರೂ ಉಂಟು, ಔರಾದಕ್ಕೆ ಅದೂ ಇಲ್ಲ.

ಪರವೂರಿನಲ್ಲಿ ವಾರಗಟ್ಟಲೆ ಕೋಣೆಯ ಬಾಡಿಗೆ, ಜೊತೆಗಿರುವವರ ಕೂಲಿನಷ್ಟ, ಮನೆಯಲ್ಲುಳಿದ ಮಕ್ಕಳು: ಇವನ್ನೆಲ್ಲ ಕೂಡಿ ನೋಡಿದ ಬಡ ಕುಟುಂಬ, ಸ್ತನವನ್ನು ಉಳಿಸಬಹುದಾದಾಗಲೂ ಪೂರ್ತಿ ತೆಗೆದುಬಿಡಿರೆಂದರೆ ಅದನ್ನು ಅಜ್ಞಾನವೆನ್ನಲು ನನಗೆ ಮನಸ್ಸಾಗದು. ಅದಕ್ಕೂ ಮೊದಲೇ ಕಾಲ ಕಳೆದಿರುತ್ತದೆ. ಈ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದುದನ್ನು ಹೇಳಿಕೊಳ್ಳುವುದಾದರೂ ಯಾರ ಮುಂದೆ? ಸೆರಗಿನ ಮರೆಯ ಮಾತು ಅತ್ತೆಯನ್ನು ದಾಟಿ, ಗಂಡನನ್ನು ದಾಟಿ, ವೈದ್ಯರ ಮುಂದೆ ಬರುವಷ್ಟರಲ್ಲಿ ಒಂದು ರಾಶಿ ಮುಗಿದು ಮತ್ತೊಂದು ಬಿತ್ತನೆ ಬಂದಿರುತ್ತದೆ.